ಬಿಸಿಲುಂಡ ಗೋಡೆ

ಸೊಪ್ಪಿನ ಹುಳಿಯಿಲ್ಲದೆ ಊಟವನ್ನೇ ಒಲ್ಲದ ನನಗೆ ಲಡಾಖಿನ ಗೃಹಿಣಿಯರ ಚಳಿಗಾಲವನ್ನು ನೆನೆದರೆ ಮರುಕವುಂಟಾಗುತ್ತಿದ್ದಿತು. ಸುಮಾರು 3,500 ಮೀಟರು ಎತ್ತರದ ಲೇಹ ಪಟ್ಟಣದಲ್ಲಿ ಆಗ ನೀರೇ ಕಲ್ಲಾಗುತ್ತದೆ. ಹೊಲದಲ್ಲಿ ಹಸಿರೆಂಬುದು ಕಾಣದು. ವಿಮಾನದಲ್ಲಿ ಬಂದ ತರಕಾರಿಯನ್ನು ಬಡವರು ಕೊಳ್ಳುವುದುಂಟೆ?

ಆದರೆ ಅಲ್ಲಿ ಬಿಸಿಲಿಗೆ ಬರವಿಲ್ಲ. ಅದನ್ನೇ ಕೂಡಿಡುವ ಸಸ್ಯಗೃಹಗಳನ್ನು ಹಳ್ಳಿಗರು ಕಟ್ಟಿಕೊಂಡಿರುವರು. ಪೂರ್ವಪಶ್ಚಿಮವಾಗಿ ಉದ್ದನೆಯ ಮನೆ. ಮೂರು ಕಡೆ ದಪ್ಪನಾದ ಮಣ್ಣಿಟ್ಟಿಗೆಯ ಗೋಡೆ. ದಕ್ಷಿಣಕ್ಕೆ ಮಾತ್ರ ಬೆಳಕು ಹಾಯುವ ಪ್ಲಾಸ್ಟಿಕ್ಕಿನ ಹೊದಿಕೆ. ಹಗಲೆಲ್ಲ ಬಿಸಿಲುಂಡ ಗೋಡೆಯು ಇರುಳಿನಲ್ಲಿ ಆ ಶಾಖವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಸೌದೆಯೂ ಬೇಡ, ಎಣ್ಣೆಯೂ ಬೇಡ. (ಸೌದೆಗೆ ಆ ಬೋಳುಗುಡ್ಡಗಳಲ್ಲಿ ಮರವಾದರೂ ಎಲ್ಲಿ?) ಸಂಜೆಯಾಗುತ್ತಲೇ ಹೊದಿಕೆಗೆ ಬಟ್ಟೆಯ ಪರದೆಯನ್ನೆಳೆಯಬೇಕು, ಮರೆತರೆ ಶಾಖವೆಲ್ಲ ಸೋರಿಹೋಗುವುದು. ಇಷ್ಟು ಎಚ್ಚರವಹಿಸಿದವಳು ಪುಷ್ಯಮಾಸದಲ್ಲಿಯೂ ಪಾಲಕ್ ಸೊಪ್ಪನ್ನು ಕೊಯ್ದು ಮಕ್ಕಳಿಗೆ ಬಡಿಸುತ್ತಾಳೆ.