ಬಾಯಿ ಬಿಟ್ಟ ಮೀನು

ಹಲಸೂರು ಕೆರೆ ಅಂದರೆ ನಿಮಗೆ ದೋಣಿವಿಹಾರ ನೆನಪಾದೀತು. ನನಗೆ ನೆನಪಾಗೋದು ನನ್ನ ಸೋದರಮಾವ, ಅವನ ಗಾಳ!

ಎಂ.ಜಿ. ರಸ್ತೆಯಿಂದ ನಡೆದೇ ಹೋಗಬಹುದಾದ ಕೆರೆ. ನಡುವೆ ನಡುಗಡ್ಡೆಗಳು, ಪಕ್ಕದಲ್ಲಿ ಎಂಇಜಿ ಸೈನಿಕರ ನೆಲೆ. 2016ರ ಮಾತು. ಪಿಯುಸಿ ಅರ್ಧಕ್ಕೇ ಬಿಟ್ಟು, ಮಾರ್ನಿಂಗ್ ಷೋ ಟಿಕೆಟ್ಟಿಗೂ ಅಮ್ಮನ ಮುಂದೆ ಕೈ ಚಾಚುತ್ತಿದ್ದ ಕಾಲ. ಶಿವರಾತ್ರಿಯ ಹಿಂದಿನ ದಿನ ಬೆಳಗಿನ ಜಾವ ಕೆರೆ ದಡಕ್ಕೆ ಹೋದರೆ, ಏನು ಹೇಳಲಿ ಓದುಗರೇ, ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ನಿಂತಿವೆ! ಬರಿಗೈಲೇ ಹಿಡೀಬಹುದು. ಎರಡು ಬಕೆಟ್ ತುಂಬಿಸಿ ವಠಾರದಲ್ಲಿ ಮಾರಿದರೆ ತಿಂಗಳ ಖರ್ಚು ಕಳೀತು ಅಂತ ಓಡಿಹೋಗಿ ಮಾವನನ್ನು ಎಬ್ಬಿಸಿ ತಂದೆ.

ಮಾವ ನೋಡಿದ. ಚೀಲದಿಂದ ಗಾಳ ತೆಗೆಯಲೇ ಇಲ್ಲ.

"ಹಸಿವಿಗಲ್ಲ ಕಣೋ, ಉಸಿರಿಗೆ ಬಾಯಿ ಬಿಡ್ತಿವೆ. ಮುಟ್ಟಬೇಡ."

ನನಗೆ ಸಿಟ್ಟು ಬಂತು. ದಿನವಿಡೀ ಮಾತಾಡಿಸಲಿಲ್ಲ.

ಮಾರನೇ ದಿನ ಮಾರ್ಚ್ 7. ಸೋಮೇಶ್ವರನ ಗುಡಿಗೆ ಹೊರಟವರೆಲ್ಲ ಮೂಗು ಮುಚ್ಚಿಕೊಂಡರು. ಕೆರೆಯಲ್ಲಿ ಸಾವಿರಾರು ಮೀನು ಸತ್ತು ಬೆಳ್ಳಗೆ ತೇಲುತ್ತಿದ್ದವು.

ಆಮೇಲೆ ಕೇಳಿ ತಿಳಿದುಕೊಂಡೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತಲ್ಲ, ಆಗ ಕೆರೆ ನೀರು ಇಳಿಯುತ್ತೆ, ಕಾಯುತ್ತೆ. ಕಾದ ನೀರಲ್ಲಿ ಆಮ್ಲಜನಕ ಕಡಿಮೆ. ಚರಂಡಿ ಕೊಳಕು ಸೇರಿದರೆ ಅದು ಕೊಳೆಯುತ್ತ ಉಳಿದದ್ದನ್ನೂ ನುಂಗುತ್ತೆ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿಯೆಲ್ಲ ತಾನೇ ಉಸಿರಾಡಿ ಖಾಲಿ ಮಾಡುತ್ತೆ. ಅದಕ್ಕೇ ಬೆಳಗಿನ ಜಾವವೇ ಮೀನಿಗೆ ಗಂಡಾಂತರ. ಹೊರಗಿನ ಗಾಳಿ ಕುಡಿಯಬಲ್ಲ ಕೊರಮೀನು ಹೇಗೋ ತಡೆದೀತು. ಕಾಟ್ಲಾ, ರೋಹು ತಡೆಯೋದಿಲ್ಲ.

ಇನ್ನು ಕೊಳಚೆಯಲ್ಲಿ ಬದುಕಿದ ಮೀನೆಲ್ಲ ಊಟಕ್ಕೆ ಯೋಗ್ಯ ಅಂತಲೂ ಅಲ್ಲ. ಸಾರು ಚೆನ್ನಾಗಿ ಕುದಿಸಿದರೆ ಕ್ರಿಮಿ ಸತ್ತಾವು. ಕಾರ್ಖಾನೆ ನೀರಿನಿಂದ ಸೇರಿದ ಸೀಸ, ಪಾದರಸ ಎಷ್ಟು ಕುದಿಸಿದರೂ ಹೋಗೋದಿಲ್ಲ. ಹುಣಸೆಹುಳಿ ವಾಸನೆಯನ್ನಷ್ಟೇ ಮುಚ್ಚೀತು!

ಅವತ್ತು ನಾನು ಆ ಎರಡು ಬಕೆಟ್ ಮಾರಿದ್ದಿದ್ದರೆ? ವಠಾರದ ಮಕ್ಕಳ ತಟ್ಟೆ ನೆನೆದರೆ ಇವತ್ತಿಗೂ ಹೊಟ್ಟೆ ತೊಳಸುತ್ತೆ.

ಹಾಗಂತ ಮಾವ ಮೀನು ಬಿಟ್ಟಿಲ್ಲ. ಮುದ್ದೆ ಜೊತೆ ಜಿಲೇಬಿ ಮೀನಿನ ಸಾರು ಇಲ್ಲದಿದ್ದರೆ ಅವನಿಗೆ ಭಾನುವಾರ ಅಂತಲೇ ಅನ್ನಿಸೋದಿಲ್ಲ. ಆದರೆ ಮಾರುಕಟ್ಟೆಯಲ್ಲಿ ರೇಟು ಕೇಳೋಕೆ ಮುಂಚೆ ಒಂದು ಮಾತು ಕೇಳ್ತಾನೆ:

"ಯಾವ ಕೆರೇದಮ್ಮಾ ಇದು?"

ಉತ್ತರ ತಡವಾದರೆ ಮುಂದಿನ ಅಂಗಡಿ. ಹಿಂದೆ ಚೀಲ ಹಿಡಿದು ನಾನು.