ಓಡುವುದು ಬೇರೆ, ಬಿಡಿಸಿಕೊಳ್ಳುವುದು ಬೇರೆ

ಅಮೆರಿಕದವರ ಫುಟ್‌ಬಾಲ್ ಅಂದ ಕೂಡಲೇ ನಮ್ಮ ಕಡೆ ಒಂದು ನಗು ಬರುತ್ತದೆ. ಕೈಯಲ್ಲಿ ಹಿಡಿದುಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅನ್ನುತ್ತಾರಲ್ಲ, ಕಾಲಿಗೇನು ಕೆಲಸ ಅಂತ. ಆ ಆಟದಲ್ಲಿ ವೈಡ್ ರಿಸೀವರ್ ಅಂತ ಒಬ್ಬ ಇರುತ್ತಾನೆ. ಅವನ ಕಾಲನ್ನು ಸರಿಯಾಗಿ ನೋಡಿದವರು ಆ ಮಾತು ಆಡಲಾರರು.

ನಾವು ಅಂದರೆ ಮೂರು ಜನ. ಒಂದೇ ಬ್ಯಾಚಿನಲ್ಲಿ ಡಿಪ್ಲೊಮಾ ಮುಗಿಸಿ, ಒಂದೇ ಜಿಲ್ಲೆಯಲ್ಲಿ ಮೂರು ಪತ್ರಿಕೆಗಳಿಗೆ ಸುದ್ದಿ ಕಳಿಸುವವರು. ರಾತ್ರಿ ಕೊನೆಯ ಸುದ್ದಿ ಡೆಸ್ಕಿಗೆ ಹೋದ ಮೇಲೆ ಫೋನಿನಲ್ಲಿ ಆ ದಿನದ ಡೇಟಾ ಒಂದಿಷ್ಟು ಉಳಿದಿರುತ್ತದೆ. ಅದನ್ನು ಖಾಲಿ ಮಾಡುವ ನೆಪದಲ್ಲಿ ಶುರುವಾದ ಚಟ ಇದು. ಈಗ ನಾಲ್ಕು ವರ್ಷದಿಂದ ಬಿಟ್ಟಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಅಂಚಿನಿಂದ ಓಡಿಹೋಗಿ ಹಿಡಿಯುವವನು ರಿಸೀವರ್. ಅವನ ಮೈಗೆ ಅಂಟಿಕೊಂಡೇ ಓಡುವ ಕಾವಲುಗಾರ ಕಾರ್ನರ್‌ಬ್ಯಾಕ್. ಮಿಕ್ಕ ಗದ್ದಲ ಸದ್ಯಕ್ಕೆ ಬೇಡ.

ಈ ರಿಸೀವರ್‌ಗಳನ್ನು ಆರಿಸುವ ಮುಂಚೆ ಎನ್‌ಎಫ್‌ಎಲ್‌ನವರು ಪ್ರತಿವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಪರೀಕ್ಷೆ ನಡೆಸುತ್ತಾರೆ. ತೂಕ, ಎತ್ತರ, ಜಿಗಿತ ಎಲ್ಲ ಅಳೆಯುತ್ತಾರೆ. ಟಿವಿಯವರಿಗೆ ಬೇಕಾದದ್ದು ಮಾತ್ರ ಒಂದೇ, 40 ಗಜದ ಓಟ. ನಮ್ಮ ಲೆಕ್ಕದಲ್ಲಿ ಮೂವತ್ತಾರೂವರೆ ಮೀಟರ್. 2017ರ ಮಾರ್ಚ್‌ನಲ್ಲಿ ಜಾನ್ ರಾಸ್ ಎಂಬ ಹುಡುಗ ಅದನ್ನು 4.22 ಸೆಕೆಂಡಿನಲ್ಲಿ ಓಡಿದ. ಅಲ್ಲಿಯವರೆಗೆ ಅಷ್ಟು ಬೇಗ ಯಾರೂ ಓಡಿರಲಿಲ್ಲ. ಆ ದಾಖಲೆ ಮುರಿಯಲು 2024ರ ತನಕ ಕಾಯಬೇಕಾಯಿತು. ಸಿನ್ಸಿನಾಟಿ ಬೆಂಗಾಲ್ಸ್ ತಂಡ ಅವನನ್ನು ಒಂಬತ್ತನೆಯ ಆಯ್ಕೆಯಾಗಿ ಎತ್ತಿಕೊಂಡಿತು.

ಅದೇ ಪರೀಕ್ಷೆಗೆ ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನ ಕೂಪರ್ ಕಪ್ ಕೂಡ ಬಂದಿದ್ದ. ದೊಡ್ಡ ಕಾಲೇಜುಗಳು ಕರೆಯದೆ ಈಸ್ಟರ್ನ್ ವಾಷಿಂಗ್ಟನ್ ಅನ್ನುವ ಸಣ್ಣ ವಿಶ್ವವಿದ್ಯಾಲಯದಲ್ಲಿ ಆಡಿದವನು. ಅವನ ಓಟ 4.62. ಲಾಸ್ ಏಂಜಲೀಸ್ ರಾಮ್ಸ್ ಅವನನ್ನು 69ನೆಯವನಾಗಿ ಆರಿಸಿತು.

ರಾಸ್ ಮೊದಲ ವರ್ಷ ಒಂದೇ ಒಂದು ಚೆಂಡನ್ನೂ ಹಿಡಿಯಲಿಲ್ಲ. ಗಾಯಗಳು ಅವನನ್ನು ಬಿಡಲಿಲ್ಲ ಅನ್ನುವುದನ್ನು ನ್ಯಾಯವಾಗಿ ಹೇಳಬೇಕು. ಎರಡನೆಯ ವರ್ಷ ಏಳು ಟಚ್‌ಡೌನ್ ಹೊಡೆದದ್ದೂ ನಿಜ. ಕಪ್ 2021ರಲ್ಲಿ 145 ಕ್ಯಾಚ್, 1,947 ಗಜ, 16 ಟಚ್‌ಡೌನ್ ಮಾಡಿ ಮೂರರಲ್ಲೂ ಲೀಗಿಗೇ ಮೊದಲಿಗನಾದ.

ಹಾಗಾದರೆ ಆ 0.40 ಸೆಕೆಂಡ್ ಎಲ್ಲಿ ಹೋಯಿತು? ನಾವು ಕೂತು ಲೆಕ್ಕ ಹಾಕಿದೆವು. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ರಾಸ್ ಗೆರೆ ಮುಟ್ಟುವಾಗ ಕಪ್ ಮೂರೂವರೆ ನಾಲ್ಕು ಗಜ ಹಿಂದೆ ಇರುತ್ತಾನೆ. ಸಣ್ಣ ಅಂತರವಲ್ಲ. ಆದರೆ ಅದು 40 ಗಜ ನೆಟ್ಟಗೆ, ಯಾರೂ ಅಡ್ಡ ಬಾರದೆ ಓಡಿದಾಗ. ಪಂದ್ಯದಲ್ಲಿ ಹೆಚ್ಚಿನ ಎಸೆತಗಳು ಐದು, ಹತ್ತು, ಹದಿನೈದು ಗಜದವು. ಅಷ್ಟರಲ್ಲಿ ಆ ಅಂತರ ಇನ್ನೂ ಹುಟ್ಟಿಯೇ ಇರುವುದಿಲ್ಲ. ಮೇಲಾಗಿ ರಿಸೀವರ್ ನಡುವೆ ತಿರುಗಬೇಕು, ನಿಲ್ಲಬೇಕು. ಹಾಗೆ ತಿರುಗುವಾಗ ಕಾವಲುಗಾರ ಅದನ್ನು ನೋಡಿ, ಅರಿತು, ಕಾಲು ಎತ್ತುವುದಕ್ಕೆ ಹತ್ತಿರ ಹತ್ತಿರ 0.2 ಸೆಕೆಂಡ್ ಬೇಕು. ಮನುಷ್ಯನ ಕಣ್ಣು ಮತ್ತು ಕಾಲಿನ ನಡುವೆ ಇರುವ ತಡ ಅದು, ಎಷ್ಟೇ ಗಟ್ಟಿಗನಾದರೂ ತಪ್ಪಿದ್ದಲ್ಲ. ಸೆಕೆಂಡಿಗೆ ಎಂಟು ಗಜದ ಓಟದಲ್ಲಿ 0.2 ಸೆಕೆಂಡ್ ಅಂದರೆ ಒಂದೂವರೆ ಗಜಕ್ಕೂ ಸ್ವಲ್ಪ ಹೆಚ್ಚು. ಚೆಂಡು ಬಂದು ಕೂರಲು ಆ ಜಾಗ ಸಾಕು. ಸುಳಿವು ಕೊಡದೆ ತಿರುಗಿದವನಿಗೆ ಈ ಒಂದೂವರೆ ಗಜ ಪುಕ್ಕಟೆ.

ರಿಸೀವರ್ ಓಡುವ ದಾರಿಗೆ ರೂಟ್ ಅನ್ನುತ್ತಾರೆ. ಅದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ, ಮೊದಲೇ ಬರೆದಿಟ್ಟದ್ದು. ಸ್ಲ್ಯಾಂಟ್ ಅಂದರೆ ಮೂರು ಹೆಜ್ಜೆ ಮುಂದಿಟ್ಟು ಒಳಗೆ ಓರೆಯಾಗಿ ಕತ್ತರಿಸುವುದು. ಔಟ್ ಅಂದರೆ ಅಂಚಿನ ಗೆರೆಯ ಕಡೆಗೆ ತಿರುಗುವುದು. ಕರ್ಲ್ ಅಂದರೆ ಗಕ್ಕನೆ ನಿಂತು ಹಿಂದಿರುಗುವುದು. ಪೋಸ್ಟ್, ಕಾರ್ನರ್, ಗೋ ಅಂತ ಇನ್ನೂ ಇವೆ. ಕ್ವಾರ್ಟರ್‌ಬ್ಯಾಕ್ ಇವನು ಖಾಲಿಯಾಗುವುದನ್ನು ಕಾದು ಎಸೆಯುವುದಿಲ್ಲ. ಎರಡೂವರೆ ಮೂರು ಸೆಕೆಂಡಿನಲ್ಲಿ ಅವನ ಮೇಲೇ ಎದುರಾಳಿಗಳು ಬಂದು ಬೀಳುತ್ತಾರೆ. ಹಾಗಾಗಿ ರಿಸೀವರ್ ಇನ್ನೂ ಬೆನ್ನು ಹಾಕಿ ಓಡುತ್ತಿರುವಾಗಲೇ, ಅವನು ಮುಂದೆ ಬರಬೇಕಾದ ಜಾಗಕ್ಕೆ ಚೆಂಡು ಹೊರಟಿರುತ್ತದೆ. ಹನ್ನೆರಡು ಗಜಕ್ಕೆ ತಿರುಗಬೇಕಾದವನು ಹತ್ತಕ್ಕೇ ತಿರುಗಿದರೆ, ಅಥವಾ ಮೂಲೆ ಕತ್ತರಿಸದೆ ಬಸ್ಸಿನ ಹಾಗೆ ಬಳಸಿಕೊಂಡು ತಿರುಗಿದರೆ, ಚೆಂಡು ನೇರ ಎದುರಾಳಿಯ ಕೈಗೆ ಹೋಗುತ್ತದೆ. ಬೈಗುಳ ಮಾತ್ರ ಎಸೆದವನಿಗೆ.

ತಿರುಗುವುದರಲ್ಲಿ ಕಷ್ಟವಾದದ್ದು ನಿಲ್ಲುವುದು. ಇದನ್ನು ಒಪ್ಪಿಕೊಳ್ಳಲು ನಮಗೆ ಎಷ್ಟೋ ವಿಡಿಯೋ ಬೇಕಾಯಿತು. ಪೂರ್ತಿ ವೇಗದಲ್ಲಿರುವ ದೇಹ ಎಂಬತ್ತು ತೊಂಬತ್ತು ಡಿಗ್ರಿ ತಿರುಗಲಾರದು, ಮೊದಲು ವೇಗ ಇಳಿಸಬೇಕು. ಕಲಿಯುವವನು ಆರೇಳು ಪುಟ್ಟ ಹೆಜ್ಜೆ ತಟತಟ ಹಾಕಿ ನಿಲ್ಲುತ್ತಾನೆ, ಎದೆ ಮೇಲೇಳುತ್ತದೆ. ಕಾವಲುಗಾರನಿಗೆ ಅದು ತಮಟೆ ಹೊಡೆದು ಸಾರಿದ ಹಾಗೆ. ಪಳಗಿದವನು ಎರಡು ಮೂರು ಹೆಜ್ಜೆಯಲ್ಲಿ ಸೊಂಟ ತಗ್ಗಿಸಿ, ಎದೆಯನ್ನು ಮಂಡಿಯ ಮೇಲೇ ಇಟ್ಟುಕೊಂಡು, ಒಳಗೆ ಹೋಗಬೇಕಾದರೆ ಹೊರಗಾಲು ಊರಿ ಕತ್ತರಿಸುತ್ತಾನೆ. ಕೈಗಳು ಅಲ್ಲಿಯವರೆಗೂ ಓಟದ ತಾಳದಲ್ಲೇ ಬೀಸುತ್ತಿರುತ್ತವೆ. ಹತ್ತು ಗಜದ ತನಕ ಅವನ ಎಲ್ಲ ರೂಟ್‌ಗಳೂ ಒಂದೇ ಥರ ಕಾಣಬೇಕು. ದೂರ ಓಡುವಾಗಲೂ ಅದೇ ಮುಖ, ನಿಲ್ಲುವಾಗಲೂ ಅದೇ ಮುಖ. ಸುಳ್ಳು ಹೇಳುವ ರಾಜಕಾರಣಿಯನ್ನು ನಾವು ಕಂಡಿದ್ದೇವೆ, ಇಷ್ಟು ನಿರ್ವಿಕಾರ ಮುಖ ಅವರಲ್ಲೂ ಕಂಡಿಲ್ಲ.

ಇದು ಹೊಸ ವಿದ್ಯೆಯೇನಲ್ಲ. ಬಾಲ್ಟಿಮೋರ್ ಕೋಲ್ಟ್ಸ್‌ನ ರೇಮಂಡ್ ಬೆರ್ರಿ 1954ರ ಆಯ್ಕೆಯಲ್ಲಿ 20ನೇ ಸುತ್ತಿನ ತನಕ ಯಾರಿಗೂ ಬೇಡವಾಗಿದ್ದವನು. ತರಬೇತಿ ಮುಗಿದ ಮೇಲೂ ಜಾನಿ ಯುನೈಟಸ್ ಜೊತೆ ನಿಂತು ಹೆಜ್ಜೆ ಹೊಂದಿಸಿಕೊಂಡವನು. 1958ರ ಫೈನಲ್‌ನಲ್ಲಿ 12 ಚೆಂಡು ಹಿಡಿದು 178 ಗಜ ಗಳಿಸಿದ.

ಆದರೆ ನಮ್ಮ ಮನಸ್ಸಿನಲ್ಲಿ ಕೂತಿರುವವನು ಜೆರ್ರಿ ರೈಸ್. ಮಿಸಿಸಿಪ್ಪಿಯ ಕ್ರಾಫರ್ಡ್ ಎಂಬ ಹಳ್ಳಿ. ತಂದೆ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ಬೇಸಿಗೆಯಲ್ಲಿ ಮಕ್ಕಳೂ ಕೆಲಸಕ್ಕೆ ಹೋಗುತ್ತಿದ್ದರು. ಕೆಳಗಿನಿಂದ ಅಣ್ಣತಮ್ಮಂದಿರು ಎಸೆದ ಇಟ್ಟಿಗೆಯನ್ನು ಮೇಲೆ ನಿಂತ ಜೆರ್ರಿ ಹಿಡಿಯುತ್ತಿದ್ದ. ಓದಿದ್ದು ಇಟ್ಟಾ ಬೀನಾ ಊರಿನ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್‌ನಲ್ಲಿ, ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಸಣ್ಣ ಕಾಲೇಜು. 1984ರ ಒಂದೇ ಋತುವಿನಲ್ಲಿ 27 ಟಚ್‌ಡೌನ್ ಹಿಡಿದ. ಆದರೂ ದೊಡ್ಡವರ ಅನುಮಾನ ಹೋಗಲಿಲ್ಲ. ಸಣ್ಣ ಕಾಲೇಜು, ಎದುರಾಳಿಗಳು ದುರ್ಬಲರು, ಅದರ ಮೇಲೆ ಗಡಿಯಾರ. ಅವನ 40 ಗಜದ ಸಮಯವನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, 4.6 ಅಂತಲೂ ಇದೆ, 4.7 ಅಂತಲೂ ಇದೆ. ಯಾವುದನ್ನು ತೆಗೆದುಕೊಂಡರೂ ಸಾಧಾರಣ.

ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕೋಚ್ ಬಿಲ್ ವಾಲ್ಶ್ ಹೂಸ್ಟನ್‌ನ ಹೋಟೆಲ್ ಕೋಣೆಯಲ್ಲಿ ಕೂತು ಟಿವಿಯಲ್ಲಿ ಈ ಹುಡುಗನ ಆಟ ನೋಡಿದರು. 1985ರಲ್ಲಿ ಆಯ್ಕೆಯ ಸರದಿಯನ್ನು ಬೇರೆ ತಂಡದಿಂದ ಕೊಂಡು ಅವನನ್ನು 16ನೆಯವನಾಗಿ ತೆಗೆದುಕೊಂಡರು. ಅವನಿಗಿಂತ ಮುಂಚೆ ಇಬ್ಬರು ರಿಸೀವರ್‌ಗಳು ಹೋಗಿಯಾಗಿತ್ತು. ವಾಲ್ಶ್ ಅವರ ಆಟವೇ ಲೆಕ್ಕದ ಆಟ. ಎಸೆಯುವವನ ಹೆಜ್ಜೆಗೂ ಹಿಡಿಯುವವನ ಹೆಜ್ಜೆಗೂ ತಾಳ ಕೂಡಬೇಕು. ರೈಸ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಆರೇಳು ಗಜದ ಸ್ಲ್ಯಾಂಟ್ ಹಿಡಿದು, ಕಾಲಿನ ಲಯ ಮುರಿಯದೆ, ಅರುವತ್ತು ಗಜ ಓಡಿಬಿಡುತ್ತಿದ್ದ. ಋತು ಮುಗಿದ ಮೇಲೆ ಎರಡೂವರೆ ಮೈಲಿ ಗುಡ್ಡ ಹತ್ತುವ ಓಟ ಬೇರೆ. 20 ವರ್ಷ ಆಡಿದ. 1,549 ಕ್ಯಾಚ್, 22,895 ಗಜ. ಎರಡನೆಯವನು ಲ್ಯಾರಿ ಫಿಟ್ಜ್‌ಜೆರಾಲ್ಡ್, ಐದು ಸಾವಿರಕ್ಕೂ ಹೆಚ್ಚು ಗಜ ಹಿಂದೆ. 2002ರಲ್ಲಿ, ನಲವತ್ತು ತುಂಬಿದ ವರ್ಷ, ರೈಸ್ 1,211 ಗಜ ಗಳಿಸಿದ. ಬರೀ ವೇಗವನ್ನು ನಂಬಿದ ಕಾಲು ಆ ವಯಸ್ಸಿಗೆ ಕೈಕೊಟ್ಟಿರುತ್ತದೆ.

ಇದನ್ನೆಲ್ಲ ಇಲ್ಲಿ ಬರೆಯಲು ಒಂದು ಕಾರಣವಿದೆ. ಕಳೆದ ವರ್ಷ ಒಂದು ಕ್ರೀಡಾ ಆಯ್ಕೆ ಶಿಬಿರದ ವರದಿಗೆ ನಾವು ಹೋಗಿದ್ದೆವು. ಒಬ್ಬಳು ಹುಡುಗಿ, ಎಂಟನೇ ತರಗತಿ. ಖೋ ಖೋದಲ್ಲಿ ಕಂಬಗಳ ನಡುವೆ ಅವಳು ಹೊರಳುವುದನ್ನು ನೋಡಿದ್ದ ನಾವು, ಇವಳನ್ನು ಯಾರು ಮುಟ್ಟಿಯಾರು ಅಂದುಕೊಂಡಿದ್ದೆವು. ಬಲಕ್ಕೆ ಭುಜ, ಎಡಕ್ಕೆ ಕಾಲು. ಅಟ್ಟಿಸಿಕೊಂಡು ಬಂದವರು ಎರಡು ಹೆಜ್ಜೆ ಮುಂದೆ ಹೋಗಿ ಬಿಡುತ್ತಿದ್ದರು. ಶಿಬಿರದಲ್ಲಿ ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆದು ನೇರ ಓಡಿಸಿದರು, ವಾಚಿನಲ್ಲಿ ಬಂದ ಸಂಖ್ಯೆ ಸಾಲಲಿಲ್ಲ, ಮುಂದಿನ ಹೆಸರು ಕರೆದರು. ಅವಳ ಆಟವನ್ನು ಅಲ್ಲಿ ಯಾರೂ ಆಡಿಸಿಯೇ ನೋಡಲಿಲ್ಲ. ಅವಳ ಅಮ್ಮ ಕೂಲಿ ಬಿಟ್ಟು ಬಂದಿದ್ದರು. ನಾವು ಮೂವರೂ ಬರೆದು ಕಳಿಸಿದೆವು. ಎರಡು ಕಡೆ ಬರಲಿಲ್ಲ, ಒಂದು ಕಡೆ ಶಿಬಿರ ಉದ್ಘಾಟನೆಯ ಫೋಟೋ ಬಂತು.

ಇಂಡಿಯಾನಾಪೊಲಿಸ್‌ನಲ್ಲಿ ಕನಿಷ್ಠ ಮೂರು ಕೋನ್ ಇಟ್ಟು ಸುತ್ತಿಸುವ ಪರೀಕ್ಷೆಯಾದರೂ ಇದೆ. ಎಷ್ಟು ಬೇಗ ತಿರುಗುತ್ತಾನೆ ಅಂತ ಅದು ಸ್ವಲ್ಪ ಹೇಳುತ್ತದೆ.

ವೇಗ ಬೇಡ ಅಂತ ನಾವು ಹೇಳುತ್ತಿಲ್ಲ. ಟೈರೀಕ್ ಹಿಲ್ ಥರದವನನ್ನು ಕಂಡರೆ ಕಾವಲುಗಾರ ಹೆದರಿ ಐದಾರು ಗಜ ಹಿಂದೆ ಸರಿದೇ ನಿಲ್ಲುತ್ತಾನೆ. ಆ ಹೆದರಿಕೆ ಕೊಡುವ ಜಾಗವೂ ಜಾಗವೇ. ಆದರೆ ಹೆದರಿ ಹಿಂದೆ ಸರಿದವನ ಮುಂದೆ ಗಕ್ಕನೆ ನಿಲ್ಲಲು ಬರದಿದ್ದರೆ ಆ ಜಾಗ ವ್ಯರ್ಥ.

2022ರ ಫೆಬ್ರವರಿಯ ಸೂಪರ್ ಬೌಲ್ ನಮಗೆ ಸೋಮವಾರ ಬೆಳಗಿನ ಜಾವ ಐದಕ್ಕೆ ಶುರುವಾಯಿತು. ರಾಮ್ಸ್ ಎದುರು ಯಾರು ಅಂದರೆ ಅದೇ ಬೆಂಗಾಲ್ಸ್. ರಾಸ್ ಅಷ್ಟರಲ್ಲಿ ಆ ತಂಡ ಬಿಟ್ಟಾಗಿತ್ತು. ಆಟ ಮುಗಿಯಲು 1 ನಿಮಿಷ 25 ಸೆಕೆಂಡ್ ಇರುವಾಗ ಕಪ್ ಗೆಲುವಿನ ಟಚ್‌ಡೌನ್ ಹಿಡಿದ. ರಾಮ್ಸ್ 23, ಬೆಂಗಾಲ್ಸ್ 20. ಆ ಎಸೆತ ಶುರುವಾದದ್ದು ಗೆರೆಯಿಂದ ಒಂದೇ ಗಜ ದೂರದಲ್ಲಿ. ಒಂದು ಗಜದಲ್ಲಿ 4.22 ಏನು ಮಾಡೀತು?

ಮುಂದಿನ ಸಲ ಪಂದ್ಯ ನೋಡುವವರಿಗೆ ಒಂದು ಉಪಾಯ ಹೇಳುತ್ತೇವೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ರಿಸೀವರ್ ಚೌಕಟ್ಟಿನಿಂದ ಆಚೆಗೆ ಓಡಿಬಿಡುತ್ತಾನೆ. ಅವನು ಮತ್ತೆ ಕಾಣುವುದು ಚೆಂಡು ಕೈಗೆ ಬಂದ ಮೇಲೆ, ಅಷ್ಟರಲ್ಲಿ ನೋಡಬೇಕಾದದ್ದು ಮುಗಿದಿರುತ್ತದೆ. ಕೋಚ್‌ಗಳು ನೋಡುವುದು ಮೇಲಿನಿಂದ ತೆಗೆದ, ಇಪ್ಪತ್ತೆರಡು ಜನರೂ ಕಾಣುವ ಬೇರೆ ವಿಡಿಯೋ. ಯೂಟ್ಯೂಬ್‌ನಲ್ಲಿ ಅದರ ತುಣುಕುಗಳು ಸಿಗುತ್ತವೆ. ಧ್ವನಿ ನಿಲ್ಲಿಸಿ, ಒಬ್ಬನ ಜೆರ್ಸಿ ನಂಬರ್ ಹಿಡಿದು, ಅವನ ಸೊಂಟವನ್ನು ಮಾತ್ರ ನೋಡಿ. ಒಂದು ವಿಡಿಯೋಗೆ ಡೇಟಾ ಹೆಚ್ಚು ಹೋಗುವುದಿಲ್ಲ, ಎರಡನೆಯದು ನೋಡದೆ ಇರಲು ಆಗುವುದಿಲ್ಲ ಅನ್ನುವುದಷ್ಟೇ ತೊಂದರೆ.