ಪರೀಕ್ಷಿಸದ ಮಾತು

2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ, ರೋಣ ತಾಲೂಕಿನ ಸವಡಿಯ ತಾಯಿಯೊಬ್ಬರು ಮಗಳಿಗೆ ಚುಚ್ಚುಮದ್ದು ಹಾಕಿಸಲು ಹಿಂಜರಿದರು. ಹಿರಿಯ ಮಗನಿಗೆ ಆಟಿಸಂ; ತಾವು ಹಾಕಿಸಿದ ಲಸಿಕೆಯೇ ಅದಕ್ಕೆ ಕಾರಣವೆಂಬ ಅಳುಕು ವರ್ಷಗಳಿಂದ ಅವರನ್ನು ಸುಡುತ್ತಿತ್ತು.

1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳನ್ನು ಕುರಿತು ಬರೆದ ಲೇಖನವು ಈ ಭೀತಿಯನ್ನು ದೇಶದೇಶಗಳಿಗೆ ಹಬ್ಬಿಸಿತು. ಅದನ್ನು ಪ್ರಕಟಿಸಿದ 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಮುಂದೆ 2019ರಲ್ಲಿ ಪ್ರಕಟವಾದ, ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನದಲ್ಲಿಯೂ ಅಂಥ ಸಂಬಂಧ ಕಂಡುಬರಲಿಲ್ಲ.

ಅನೇಕಾಂತವು ಹಲವು ದೃಷ್ಟಿಗಳನ್ನು ಗೌರವಿಸುತ್ತದೆ. ಪರೀಕ್ಷೆಯಲ್ಲಿ ಹುಸಿಯಾದುದನ್ನು ಸತ್ಯವೆನ್ನುವುದಿಲ್ಲ. ಪ್ರಮಾದದಿಂದ ಹಬ್ಬಿಸಿದ ಮಾತು ಹಸುಳೆಗಳನ್ನು ರೋಗಕ್ಕೊಡ್ಡುತ್ತದೆ, ನಿರ್ದೋಷಿಯಾದ ತಾಯಿಯ ಮೇಲೆ ಪಾಪದ ಹೊರೆ ಹೊರಿಸುತ್ತದೆ. ಅದೂ ಹಿಂಸೆಯೇ.

ವೈದ್ಯರಿಂದ ನಿಜವನ್ನರಿತು ಆ ತಾಯಿ ಮಗಳಿಗೆ ಲಸಿಕೆ ಹಾಕಿಸಿದರು. ಮಗನ ಮುಖವನ್ನು ಅಂದು ಅಳುಕಿಲ್ಲದೆ ನೋಡಿದರು.